ಹೂವೋ, ಓಲೆಯೋ

ನಂಜನಗೂಡು
9 ಫೆಬ್ರವರಿ 2025

ಇಂದ್ರಾಣಿ,

ಫೋನ್ ಮಾಡಬಹುದಿತ್ತು, ಆದರೆ ಬೈಸಿಕೊಳ್ಳಬೇಕಾಗುತ್ತಿತ್ತು. ವರ್ಷಗಟ್ಟಲೆ ಅಂಚೆ ಕಚೇರಿಯಲ್ಲಿ ಕೂತು ಊರಿನವರ ಕಾಗದಗಳಿಗೆಲ್ಲ ಮುದ್ರೆ ಒತ್ತಿದವಳು ನೀನು. ನಿವೃತ್ತಿಯಾದ ದಿನ ಹಾರ ಹಾಕಿಸಿಕೊಂಡು ಬಂದು ನನಗೆ ಹೇಳಿದ್ದು ನೆನಪಿದೆ ತಾನೇ? "ನಾವಿಬ್ರಾದ್ರೂ ಕಾಗ್ದ ಬರೀಬೇಕು ಕಣೇ. ಇಲ್ದಿದ್ರೆ ಪೋಸ್ಟ್‌ಮ್ಯಾನ್ ಕೈಗೆ ಬ್ಯಾಂಕ್ ನೋಟೀಸ್ ಬಿಟ್ರೆ ಇನ್ನೇನೂ ಇರಲ್ಲ." ಆದ್ದರಿಂದ ಬರೆಯುತ್ತಿದ್ದೇನೆ, ಓದು.

ನಿನ್ನೆ ಬೆಳಿಗ್ಗೆ ಸ್ನಾನಘಟ್ಟದ ಕಡೆ ಹೋಗಿದ್ದೆ. ಕಪಿಲೆ ಇಳಿದಿದ್ದಾಳೆ, ಮರಳು ಕಾಣುತ್ತಿದೆ. ನಾವು ಕೂರುತ್ತಿದ್ದ ಜಾಗದಲ್ಲೇ ಯಾರೋ ಹೆಂಗಸು ಹೂವಿನ ಬುಟ್ಟಿ ತೊಳೆಯುತ್ತಿದ್ದಳು. ಅಲ್ಲೇ ನಿಂತುಬಿಟ್ಟೆ. ಅಪ್ಪ ದೇವಸ್ಥಾನಕ್ಕೆ ಮಾಲೆ ಕೊಟ್ಟು ಬಂದ ಮೇಲೆ ಬುಟ್ಟಿ ತೊಳೆಯುವ ಕೆಲಸ ನನ್ನದಾಗಿತ್ತು. ಹಾಸ್ಟೆಲಿನ ಗೇಟು ದಾಟಿ ನನ್ನ ಜೊತೆ ಬರುವ ಕೆಲಸ ನಿನ್ನದು. ಒಂಬತ್ತನೆಯ ಕ್ಲಾಸಿನ ಆ ಬೇಸಗೆಯಲ್ಲಿ ಬುಟ್ಟಿಯ ಬಿದಿರಿನ ಸಂದಿನಿಂದ ನೀನು ಮರಳು ಕೆದಕುವಾಗ ಬೆರಳಿಗೆ ಸಿಕ್ಕಿತಲ್ಲ, ಉಗುರಿನಷ್ಟಗಲದ ತಾಮ್ರದ ನಾಣ್ಯ! ಒಂದು ಕಡೆ ಆನೆ, ಇನ್ನೊಂದು ಕಡೆ ಕುತ್ತಿಗೆ ಚಾಚಿದ ಹಕ್ಕಿ, ಹಕ್ಕಿಯ ಕೊಕ್ಕಿನಲ್ಲಿ ಏನೋ ಒಂದು. ಬುಟ್ಟಿ ನಮ್ಮದು, ಬೆರಳು ನಿನ್ನದು. ಯಾರಿಗೆ ಸೇರಬೇಕು ಎಂದು ಕಿತ್ತಾಡಿ, ಕೊನೆಗೆ ಯುಗಾದಿಯಿಂದ ಯುಗಾದಿಗೆ ಒಬ್ಬೊಬ್ಬರ ಹತ್ತಿರ ಎಂದು ತೀರ್ಮಾನ ಮಾಡಿದೆವು.

ಕಿತ್ತಾಟ ಅಲ್ಲಿಗೆ ಮುಗಿಯಲಿಲ್ಲ. ಕೊಕ್ಕಿನಲ್ಲಿರುವುದು ಹೂವು ಅಂತ ನಾನು, ಸುದ್ದಿ ಬರೆದ ಓಲೆ ಅಂತ ನೀನು. ಮೈಸೂರಿನಲ್ಲಿ ಹಳೆ ನಾಣ್ಯ ಬಲ್ಲವರೊಬ್ಬರಿಗೆ ತೋರಿಸಿದಾಗ ಅವರು ಕನ್ನಡಕ ಏರಿಸಿ, "ಆನೆ ಈ ಸೀಮೆಯ ಕಾಸಿನ ಮೇಲೆ ಎಷ್ಟೋ ಸಲ ಬಂದಿದೆಯಮ್ಮ, ಆಂಜನೇಯ ಇದ್ದಾನೆ, ಗಂಡಭೇರುಂಡ ಇದೆ. ಈ ಹಕ್ಕಿ ಮಾತ್ರ ಗೊತ್ತಾಗುತ್ತಿಲ್ಲ, ಬಹಳ ಸವೆದಿದೆ" ಎಂದು ಕೈ ತೊಳೆದುಕೊಂಡರು. ನಮಗೆ ಅದೇ ಬೇಕಿತ್ತು. ಅವರು ಏನಾದರೂ ಒಂದು ಹೇಳಿಬಿಟ್ಟಿದ್ದರೆ ಇಷ್ಟು ವರ್ಷ ಏನಿಟ್ಟುಕೊಂಡು ಜಗಳ ಆಡುತ್ತಿದ್ದೆವು?

ಡ್ರಾಯಿಂಗ್ ಕ್ಲಾಸಿನಲ್ಲಿ ಮಕ್ಕಳಿಗೆ ಹೇಳುತ್ತಿದ್ದೆ: ಓದು ಬಾರದ ಜನಕ್ಕೆ ರಾಜ ಬರೆದ ಪತ್ರವೇ ನಾಣ್ಯ, ಅದಕ್ಕೇ ಅದರಲ್ಲಿ ಪ್ರಾಣಿ, ಪಕ್ಷಿ. ಅಚ್ಚು ಕೊರೆಯುವವನು ಎಲ್ಲವನ್ನೂ ಹಿಂದುಮುಂದಾಗಿ ಕೊರೆಯಬೇಕು, ಆಗಲೇ ನಾಣ್ಯದ ಮೇಲೆ ನೆಟ್ಟಗೆ ಬರುತ್ತದೆ ಅಂದರೆ ಒಂದು ಮಗುವೂ ನಂಬುತ್ತಿರಲಿಲ್ಲ.

ವಿಷಯಕ್ಕೆ ಬರುತ್ತೇನೆ. ಕೊರೋನಾ ಬಂದ ವರ್ಷದಿಂದ ನಾಣ್ಯ ನಿನ್ನ ಹತ್ತಿರವೇ ಉಳಿದಿದೆ. ನಾನೂ ಕೇಳಲಿಲ್ಲ. ಈ ಯುಗಾದಿಗೆ ಕಳಿಸಿಕೊಡು. ನನಗೊಮ್ಮೆ ಅದನ್ನು ಸಾವಕಾಶವಾಗಿ ನೋಡಬೇಕು.

ನಿನ್ನ
ವನಜಾಕ್ಷಿ

&nbsp;

ತಿರುಮಕೂಡಲು ನರಸೀಪುರ
18 ಫೆಬ್ರವರಿ 2025

ವನಜಾ,

ಡ್ರಾಯಿಂಗ್ ಟೀಚರ್ ಬರೆದ ವಿಳಾಸವಾ ಅದು? ಪಿನ್‌ಕೋಡಿನ ಅಂಕಿಗಳು ಚೌಕದಿಂದ ಹೊರಗೆ ಬಿದ್ದು ಒದ್ದಾಡುತ್ತಿವೆ. ಸ್ಟಾಂಪು ಎಡಗಡೆ ಅಂಟಿಸಿದ್ದೀಯ. ನಾನು ಕೌಂಟರಿನಲ್ಲಿದ್ದಿದ್ದರೆ ವಾಪಸ್ ಕೊಡುತ್ತಿದ್ದೆ. ಯಾವ ರೈಲು ಹಿಡಿಯುವ ಅವಸರವಿತ್ತಮ್ಮ ನಿನಗೆ?

ನಿನ್ನ ಕಾಗದ ಬಂದಾಗ ಇಲ್ಲಿ ಕುಂಭಮೇಳದ ಜನ. ಸಂಗಮಕ್ಕೆ ಮೀಯಲು ಬಂದವರಲ್ಲಿ ಅರ್ಧ ಜನ ನಮ್ಮ ಬೀದಿಯಲ್ಲೇ ಬಟ್ಟೆ ಒಣಹಾಕಿದ್ದರು. ಜಗಲಿಯಲ್ಲಿ ಕೂತು ಓದಿದೆ. ಬುಟ್ಟಿ, ಮರಳು, ಹಾಸ್ಟೆಲಿನ ಗೇಟು. ವಾರ್ಡನ್ ಹತ್ತಿರ ಸಿಕ್ಕಿಬಿದ್ದಾಗ ನೀನು ನಿಮ್ಮಪ್ಪನ ಮಾಲೆಯಿಂದ ಎರಡು ಮೊಳ ಕಿತ್ತು ಅವರ ಮುಡಿಗೆ ಕೊಟ್ಟು ಬಿಡಿಸಿದ್ದನ್ನು ಯಾಕೆ ಬರೆಯಲಿಲ್ಲ? ಅವತ್ತಿನಿಂದ ನಿನಗೆ ಎಲ್ಲಿ ನೋಡಿದರೂ ಹೂವೇ ಕಾಣುವುದು.

ಆದರೆ ಅದು ಓಲೆ ಕಣೇ. ಹಕ್ಕಿ ಹಾರುತ್ತಿರುವ ರೀತಿ ನೋಡು. ಹೂವು ಕಚ್ಚಿಕೊಂಡ ಹಕ್ಕಿ ಹಾಗೆ ಕುತ್ತಿಗೆ ಚಾಚುವುದಿಲ್ಲ. ತಲುಪಿಸಬೇಕಾದದ್ದು ಇರುವವರಿಗೆ ಮಾತ್ರ ಆ ಗಡಿಬಿಡಿ. ದಿನವೂ ಬಂದು ಕೌಂಟರಿನ ಕಂಬಿ ಹಿಡಿದು ನಿಲ್ಲುವ ಮುದುಕಿಯರಿಗೆ ಎಷ್ಟು ವರ್ಷ "ಇವತ್ತಿಲ್ಲ ಕಣವ್ವಾ, ನಾಳೆ ಬತ್ತದೆ" ಎಂದು ಮೆತ್ತಗೆ ಸುಳ್ಳು ಹೇಳಿದ್ದೇನೆ ಅಂತ ನಿನಗೇನು ಗೊತ್ತು. ಕಾಗದದ ದಾರಿ ಕಾಯುವ ಮುಖ ನಾನು ನೋಡಿದ್ದೇನೆ. ಆ ನಾಣ್ಯ ಮಾಡಿದವನೂ ನೋಡಿರಬೇಕು.

ನಾಣ್ಯ ಎಲ್ಲಿಗೂ ಓಡಿಹೋಗುವುದಿಲ್ಲ, ಭದ್ರವಾಗಿದೆ. ಈಗ ಪೋಸ್ಟಿನಲ್ಲಿ ಅಂಥದ್ದು ಹಾಕಲು ನನಗೇ ಧೈರ್ಯವಿಲ್ಲ ಅಂದರೆ ನಗಬೇಡ. ಹಿಂದೆ ಪೆನ್ಸಿಲ್ ಉಜ್ಜಿ ತೆಗೆದ ಅಚ್ಚು ಒಂದಿದೆ, ಅದನ್ನು ಕಳಿಸಲಾ? ನೀನೇ ಹೇಳಿಕೊಟ್ಟಿದ್ದಲ್ಲವಾ, ಕಾಗದ ಮೇಲಿಟ್ಟು ಉಜ್ಜಿದರೆ ಕಣ್ಣಿಗೆ ಕಾಣದ್ದೂ ಕಾಣುತ್ತದೆ ಅಂತ.

ಮೊಮ್ಮಗಳು ಸಿಂಧು ಈಗ ಚೆನ್ನಾಗಿದ್ದಾಳೆ. ಅವ್ವ ಎಂದಿನಂತೆ ಎಲೆಅಡಿಕೆ ಕುಟ್ಟುತ್ತಾ ಎಲ್ಲರನ್ನೂ ಆಳುತ್ತಿದ್ದಾಳೆ.

ಇಂದ್ರಾಣಿ

&nbsp;

ನಂಜನಗೂಡು
24 ಫೆಬ್ರವರಿ 2025

ಇಂದ್ರಾಣಿ,

ಈ ಕಾಗದವನ್ನು ಡಬ್ಬಕ್ಕೆ ಹಾಕುವುದಿಲ್ಲ. ಹಾಗಾಗಿ ನಿಜ ಬರೆಯಬಹುದು.

ನನ್ನ ಕಣ್ಣು ಹೋಗುತ್ತಿದೆ ಕಣೇ. ಪೊರೆ ಅಲ್ಲ, ತೆಗೆಸಿ ಹಾಕುವುದಕ್ಕೆ. ಯಾವುದನ್ನು ನೋಡಲು ಹೋದರೂ ಅದರ ನಟ್ಟನಡುವೆ ಒಂದು ಬೂದು ಕಲೆ ಬಂದು ಕೂರುತ್ತದೆ. ಸೊಸೆ ಸುಚೇತಾ ಎದುರಿಗೆ ನಿಂತರೆ ಅವಳ ಸೀರೆ ಕಾಣುತ್ತದೆ, ಕೈಬಳೆ ಕಾಣುತ್ತದೆ, ಮುಖ ಕಾಣುವುದಿಲ್ಲ. ಮೈಸೂರಿನ ಡಾಕ್ಟರು ಮಳೆಗಾಲದ ಹೊತ್ತಿಗೆ ಇಷ್ಟೂ ಇರಲಾರದು ಎಂದರು. ಸೊಸೆ ಬಸ್ಸಿನಲ್ಲಿ ದಾರಿಯುದ್ದಕ್ಕೂ ನನ್ನ ಕೈ ಹಿಡಿದುಕೊಂಡಿದ್ದಳು. ತಾಂಡವಪುರ ಬಂದಾಗ "ಅತ್ತೆ, ಕಬ್ಬು ಚೆನ್ನಾಗಿ ಬಂದಿದೆ" ಅಂದಳು. ಹೌದು ಅಂದೆ.

ನಿನ್ನ ಕಾಗದವನ್ನು ಅಂಗಳದ ಬಿಸಿಲಿನಲ್ಲಿ ಭೂತಗನ್ನಡಿ ಹಿಡಿದು ಒಂದೊಂದೇ ಅಕ್ಷರವಾಗಿ ಓದಿದೆ. ಪೆನ್ಸಿಲಿನ ಬೂದು ನನ್ನ ಕಲೆಯ ಬೂದಿನಲ್ಲಿ ಸೇರಿಹೋಗುತ್ತದೆ, ಆದ್ದರಿಂದ ಅಚ್ಚು ನನಗೆ ಪ್ರಯೋಜನವಿಲ್ಲ. ನಾಣ್ಯವಾದರೆ ಬಿಸಿಲಿಗೆ ಓರೆಯಾಗಿ ಹಿಡಿದು, ಕಣ್ಣಿನ ಅಂಚಿನಿಂದ ಒಮ್ಮೆಯಾದರೂ ನೋಡಿಕೊಳ್ಳಬಹುದು. ಆ ಹಕ್ಕಿ ನನ್ನ ತಲೆಯೊಳಗೆ ಸರಿಯಾಗಿ ಉಳಿಯಬೇಕು. ಇಷ್ಟೇ ನನ್ನ ಆಸೆ.

ನಿನಗೆ ಯಾಕೆ ಹೇಳುವುದಿಲ್ಲ ಅಂದರೆ, ಹೇಳಿದ ಮರುದಿನವೇ ನೀನು ಬಸ್ಸು ಹತ್ತಿ ಬರುತ್ತೀಯ. ನನ್ನ ತಟ್ಟೆಗೆ ಅನ್ನ ಕಲಸಿಕೊಡುತ್ತೀಯ. ನಾನು ಏನಂದರೂ ಹೂಂಗುಟ್ಟುತ್ತೀಯ. ಊರಿನಲ್ಲಿ ಎಲ್ಲರೂ ಈಗ ನನ್ನ ಹತ್ತಿರ ಮೆತ್ತಗೆ ಮಾತಾಡುತ್ತಾರೆ. ಜಗಳ ಆಡುವವಳು ನೀನೊಬ್ಬಳೇ ಉಳಿದಿರುವುದು.

ವನಜಾ

&nbsp;

ನಂಜನಗೂಡು
24 ಫೆಬ್ರವರಿ 2025

ಇಂದ್ರಾಣಿ,

ನಿನ್ನ ಕಾಗದ ಬಂತು. ಅಚ್ಚು ಬೇಡ, ನಾಣ್ಯವೇ ಬೇಕು. ಪೋಸ್ಟಿಗೆ ಹೆದರುವುದಾದರೆ ಬಸ್ಸಿನಲ್ಲಿ ಬರುವ ಯಾರ ಕೈಯಲ್ಲಾದರೂ ಕೊಡು. ಅದು ಈಗಲೂ ಹೂವೇ. ತಾವರೆಯ ಮೊಗ್ಗು, ದಂಟಿನ ಸಮೇತ.

ವನಜಾಕ್ಷಿ

&nbsp;

ತಿ. ನರಸೀಪುರ
8 ಮಾರ್ಚ್ 2025

ವನಜಾ,

ಇದೇನು, ತಹಸೀಲ್ದಾರರ ಆಫೀಸಿನಿಂದ ಬಂದ ನೋಟೀಸಿನ ಹಾಗೆ ಬರೆದಿದ್ದೀಯಲ್ಲ. ಅಕ್ಷರವೋ, ಒಂದೊಂದೂ ಅಂಗಡಿ ಬೋರ್ಡಿನಷ್ಟು ದಪ್ಪ. ಸಿಟ್ಟಿನಲ್ಲಿ ಒತ್ತಿ ಬರೆದಿದ್ದು ಕಾಗದದ ಹಿಂದೆಯೂ ಮೂಡಿದೆ.

ನಾಣ್ಯವನ್ನು ನಾನು ನುಂಗಿಹಾಕುತ್ತೇನೆ ಅಂದುಕೊಂಡೆಯಾ? ಅದೇನು ಬಂಗಾರವಾ? ಇದ್ದಕ್ಕಿದ್ದ ಹಾಗೆ ಇಷ್ಟು ಅವಸರ ಯಾಕೆ? ಯಾರಾದರೂ ಕೊಳ್ಳುವವರು ಬಂದಿದ್ದಾರಾ? ಹಾಗಿದ್ದರೆ ನೇರವಾಗಿ ಹೇಳು. ನಮ್ಮಿಬ್ಬರದು ಅದು, ಒಬ್ಬಳೇ ಮಾರುವ ಹಾಗಿಲ್ಲ. ಬರೆದ ಮೇಲೆ ಬೇಜಾರಾಯಿತು. ನೀನು ಅಂಥವಳಲ್ಲ ಅಂತ ಗೊತ್ತು. ಆದರೂ ಹೊಡೆದುಹಾಕುವುದಿಲ್ಲ, ನನಗನ್ನಿಸಿದ್ದು ನಿನಗೆ ತಿಳಿಯಲಿ.

ಅಚ್ಚನ್ನು ಇದರೊಳಗೆ ಮಡಚಿ ಇಟ್ಟಿದ್ದೇನೆ. ಬೇಡ ಅಂದರೂ ಕಳಿಸುತ್ತಿದ್ದೇನೆ. ಕೊಕ್ಕಿನ ಹತ್ತಿರ ನೋಡು, ಸುರುಳಿ ಸುತ್ತಿದ ಓಲೆ ಎಷ್ಟು ಚೆನ್ನಾಗಿ ಬಂದಿದೆ. ನೋಡಿ ಬರೆ.

ಇಂದ್ರಾಣಿ

&nbsp;

ನಂಜನಗೂಡು
17 ಮಾರ್ಚ್ 2025

ಇಂದ್ರಾಣಿ,

ಅಚ್ಚು ತಲುಪಿತು. ನೋಡಿದೆ. ಚೆನ್ನಾಗಿ ತೆಗೆದಿದ್ದೀಯ, ಕೊಕ್ಕು ಸ್ಪಷ್ಟವಾಗಿದೆ. ಎಷ್ಟು ನೋಡಿದರೂ ಅದು ಮೊಗ್ಗೇ.

ಕೊಳ್ಳುವವರು ಬಂದಿದ್ದಾರಾ ಅಂತ ಕೇಳಿದೆಯಲ್ಲ, ಅದನ್ನು ಓದಿ ಆ ದಿನ ನನಗೆ ಊಟ ಸೇರಲಿಲ್ಲ. ನಿನಗೆ ಕೊಡಲು ಮನಸ್ಸಿಲ್ಲದಿದ್ದರೆ ಇಲ್ಲ ಅಂತ ಒಂದು ಮಾತು ಬರೆ. ನಾನು ಮತ್ತೆ ಕೇಳುವುದಿಲ್ಲ.

ವನಜಾಕ್ಷಿ

&nbsp;

ತಿ. ನರಸೀಪುರ
24 ಮಾರ್ಚ್ 2025

ವನಜಾ,

ಇವತ್ತು ಬೆಳಿಗ್ಗೆ ಹಬ್ಬಕ್ಕೆ ಮನೆ ಒರೆಸಲು ಮೇಜು ಸರಿಸಿದೆ. ಮೇಜಿನ ಹಿಂದೆ, ಗೋಡೆಗೆ ಆತುಕೊಂಡು, ಆ ಅಚ್ಚು ಬಿದ್ದಿತ್ತು.

ನಿನಗೆ ಕಳಿಸಿದ್ದೇನೆ ಅಂದುಕೊಂಡಿದ್ದ ಅಚ್ಚು. ಹಾಗಾದರೆ ನಾನು ಮಡಚಿ ಒಳಗಿಟ್ಟಿದ್ದು ಏನು? ಅದರ ಪಕ್ಕದಲ್ಲಿದ್ದ ಖಾಲಿ ಹಾಳೆ. ಖಾಲಿ ಹಾಳೆಯನ್ನು ನೋಡಿ ನೀನು ಕೊಕ್ಕು ಸ್ಪಷ್ಟವಾಗಿದೆ ಅಂತ ಬರೆದಿದ್ದೀಯ.

ಒರೆಸುವ ಬಟ್ಟೆ ಕೈಯಲ್ಲಿ ಹಿಡಿದು ನೆಲದ ಮೇಲೆ ಕೂತೆ. ಚೌಕದಿಂದ ಹೊರಬಿದ್ದ ಅಂಕಿ, ಎಡಕ್ಕೆ ಅಂಟಿದ ಸ್ಟಾಂಪು, ದಪ್ಪ ಅಕ್ಷರ. ಜೀವಮಾನವೆಲ್ಲ ವಿಳಾಸ ಓದಿದವಳು ನಾನು. ಕೈ ನಡುಗುವವರ ವಿಳಾಸ ಯಾವುದು, ಕಣ್ಣು ಮಂಜಾದವರ ವಿಳಾಸ ಯಾವುದು ಅಂತ ಕವರ್ ನೋಡಿಯೇ ಹೇಳುತ್ತಿದ್ದೆ. ನಿನ್ನದನ್ನು ಅವಸರ ಅಂತ ಓದಿದೆ, ಸಿಟ್ಟು ಅಂತ ಓದಿದೆ. ನಿನ್ನ ಕಣ್ಣಿಗೆ ಏನಾಗಿದೆ ವನಜಾ? ಎಷ್ಟು ದಿನದಿಂದ? ನನಗೆ ಯಾಕೆ ಹೇಳಲಿಲ್ಲ? ಸಂಕಟವಾಗುತ್ತಿದೆ, ಸಿಟ್ಟೂ ಬರುತ್ತಿದೆ.

ಈಗ ನನ್ನದನ್ನು ಕೇಳು. ನಾಣ್ಯ ನನ್ನ ಹತ್ತಿರ ಇಲ್ಲ. ಸಿಂಧುವಿನ ಸೊಂಟದಲ್ಲಿದೆ.

ದೀಪಾವಳಿ ಕಳೆದ ಮೇಲೆ ಮಗುವಿಗೆ ಜ್ವರ ನೆತ್ತಿಗೇರಿ ಫಿಟ್ಸ್ ಬಂತು. ನಾನು, ಮಗ ಸಿದ್ದು, ಸೊಸೆ ಎಲ್ಲ ಆಸ್ಪತ್ರೆಯಲ್ಲಿದ್ದೆವು. ಮನೆಯಲ್ಲಿದ್ದ ಅವ್ವ ನನ್ನ ಟ್ರಂಕು ತೆಗೆದು, ನಾಣ್ಯ ಹುಡುಕಿ, ಅಕ್ಕಸಾಲಿ ಶಿವರಾಜು ಹತ್ತಿರ ಹೋಗಿ ತೂತು ಹಾಕಿಸಿ, ಕರಿದಾರದಲ್ಲಿ ಉಡಿದಾರ ಮಾಡಿ ಆಸ್ಪತ್ರೆಗೇ ತಂದಳು. "ಆನೆ ಐತೆ, ಮಗೀಗೆ ಬಲ ಬತ್ತದೆ. ಅಕ್ಕಿ ಐತೆ, ಮಗೀನ ಇಡ್ದಿರೋದ್ನ ಎತ್ಕೊಂಡು ಆರೋಯ್ತದೆ" ಅಂತ ಕಟ್ಟಿಬಿಟ್ಟಳು. ಮಗು ವಾಸಿಯಾಗಿದ್ದು ಡಾಕ್ಟರ ಔಷಧಿಯಿಂದ. ಹೆಸರು ಬಂದಿದ್ದು ನಾಣ್ಯಕ್ಕೆ. ಬಿಚ್ಚಲು ಹೋದರೆ ಅವ್ವ, "ನಿನ್ ಓದು ನಿನ್ ತಲೇಲಿರ್ಲಿ, ಇದು ಅದ್ರ ಸೊಂಟ್ದಲ್ಲಿರ್ಲಿ. ನಾನಿರೋಗಂಟ ಬಿಚ್ಚಂಗಿಲ್ಲ" ಅನ್ನುತ್ತಾಳೆ.

ಪ್ರತಿ ವರ್ಷ ಬುದ್ಧ ಪೂರ್ಣಿಮೆಯ ದಿನ ವಿಹಾರದಲ್ಲಿ ನಿಂತು, ತಾಯಿತ ಕಟ್ಟಬೇಡಿ, ಯಂತ್ರ ಕಟ್ಟಬೇಡಿ ಅಂತ ಭಾಷಣ ಮಾಡುವವಳು ನಾನು. ನೀನು ಕೂತು ಚಪ್ಪಾಳೆ ತಟ್ಟಿದ್ದೀಯ. ಹೇಗೆ ಹೇಳಲಿ ನಿನಗೆ? ಜೊತೆಗೆ, ತೂತು ಬಿದ್ದಿರುವ ಜಾಗ ಸರಿಯಿಲ್ಲ. ಅದನ್ನು ಬರೆಯಲು ಕೈ ಬರುತ್ತಿಲ್ಲ, ಬಂದು ತೋರಿಸುತ್ತೇನೆ.

ಭಾನುವಾರ ಯುಗಾದಿ. ಸೋಮವಾರ ನಮ್ಮನೆಯಲ್ಲಿ ಹೊಸತೊಡಕಿನ ಬಾಡೂಟ, ಆ ಕೈಯಲ್ಲಿ ನಿಮ್ಮನೆಗೆ ಬಂದರೆ ನೀನು ಬಾಗಿಲಲ್ಲೇ ಮೂಗು ಹಿಡಿಯುತ್ತೀಯ. ಮಂಗಳವಾರ ಮಗುವನ್ನು ಎತ್ತಿಕೊಂಡು ಬರುತ್ತೇನೆ. ನಾಣ್ಯ ಬಿಚ್ಚಿಸಲು ಆಗದಿದ್ದರೆ ನಾಣ್ಯ ಕಟ್ಟಿಕೊಂಡವಳನ್ನೇ ತಂದರಾಯಿತು. ಅವ್ವನೂ ಬರುತ್ತಾಳಂತೆ, ಕಾವಲಿಗೆ.

ಇಂದ್ರಾಣಿ

&nbsp;

ನಂಜನಗೂಡು
6 ಏಪ್ರಿಲ್ 2025

ಇಂದ್ರಾಣಿ,

ಸಾಲು ಓರೆಯಾಗದಿರಲಿ ಎಂದು ಸ್ಕೇಲು ಇಟ್ಟುಕೊಂಡು ಬರೆಯುತ್ತಿದ್ದೇನೆ. ವಿಳಾಸ ಸುಚೇತಾ ಬರೆಯುತ್ತಾಳೆ, ನಿನ್ನ ಪೋಸ್ಟ್‌ಮ್ಯಾನ್ ಬೈಯುವ ಹಾಗಿಲ್ಲ. ನಿನ್ನ ಕಾಗದಗಳನ್ನೂ ಇನ್ನು ಮುಂದೆ ಅವಳೇ ಓದಿ ಹೇಳಬೇಕು. ಫ್ಯಾಕ್ಟರಿಯ ಕೆಲಸ ಮುಗಿಸಿ ಸುಸ್ತಾಗಿ ಬರುತ್ತಾಳೆ ಪಾಪ. ಬೈಗುಳವನ್ನೂ ಸಮಾಚಾರದ ಹಾಗೆ ಓದುತ್ತಾಳೆ.

ನೀವು ಬಂದು ಹೋದಾಗಿನಿಂದ ಮನೆ ಖಾಲಿ ಅನ್ನಿಸುತ್ತಿದೆ. ನಿಮ್ಮವ್ವ ಪಾಪಮ್ಮ ಜಗಲಿಯಲ್ಲಿ ಕೂತು ಎಲೆಅಡಿಕೆ ಕುಟ್ಟಿದ ಸದ್ದು ಕಿವಿಯಲ್ಲಿದೆ. ರಸಬಾಳೆ ಮೆತ್ತಿದ ಕೈಯನ್ನು ಸಿಂಧು ನನ್ನ ಸೀರೆಗೆ ಒರೆಸಿದಳು, ಕಲೆಯನ್ನು ಇನ್ನೂ ತೊಳೆಸಿಲ್ಲ.

ನನ್ನ ತೊಡೆಯ ಮೇಲೆ ಅವಳನ್ನು ಕೂರಿಸಿದೆಯಲ್ಲ, ಬಿಸಿಲಿಗೆ ಹಿಡಿದು ನೋಡಲು ಪ್ರಯತ್ನ ಪಟ್ಟೆ. ಆಗಲಿಲ್ಲ. ತಾಮ್ರದ ಅಂಚು ಕಾಣಿಸಿತು, ನಡುವೆ ಬೂದು. ಅದಕ್ಕೇ ಕಣ್ಣು ಮುಚ್ಚಿ ಹೆಬ್ಬೆರಳಿನಿಂದ ನೋಡಿದೆ. ಆನೆಯ ಬೆನ್ನು ಸಿಕ್ಕಿತು, ಸೊಂಡಿಲು ಸವೆದಿದೆ. ತಿರುಗಿಸಿದೆ. ರೆಕ್ಕೆ, ಉದ್ದ ಕುತ್ತಿಗೆ, ಪುಟ್ಟ ತಲೆ, ಆಮೇಲೆ ಕೊಕ್ಕು. ಕೊಕ್ಕಿನ ತುದಿಯಲ್ಲಿ ನನ್ನ ಬೆರಳು ತೂತಿಗೆ ಇಳಿಯಿತು. ಶಿವರಾಜುವಿಗೆ ಇಡೀ ನಾಣ್ಯದಲ್ಲಿ ಬೇರೆ ಜಾಗ ಸಿಗಲಿಲ್ಲವಾ ಅಂತ ಒಂದು ಗಳಿಗೆ ಮೈಯೆಲ್ಲ ಉರಿಯಿತು. ಅಷ್ಟರಲ್ಲಿ ಕಚಗುಳಿಯಾಗಿ ಮಗು ನಕ್ಕಿತು. ಹೊಟ್ಟೆ ಕುಣಿಯಿತು, ನಾಣ್ಯವೂ ಕುಣಿಯಿತು. ಇಷ್ಟು ವರ್ಷದಲ್ಲಿ ಆ ನಾಣ್ಯವನ್ನು ನಾನು ಬೆಚ್ಚಗೆ ಮುಟ್ಟಿದ್ದು ಅದೇ ಮೊದಲು. ಅವಳ ಸೊಂಟದಲ್ಲೇ ಇರಲಿ. ನನ್ನ ಸರದಿ ಬಂದಾಗ ಅವಳನ್ನು ಕರೆದುಕೊಂಡು ಬಾ, ಅಷ್ಟು ಸಾಕು.

ಆದರೆ ಒಂದು ವಿಷಯಕ್ಕೆ ನಿನ್ನ ಮೇಲೆ ಸಿಟ್ಟಿದೆ.

ನಾಣ್ಯದಲ್ಲಂತೂ ಇನ್ನು ಗೊತ್ತಾಗುವುದಿಲ್ಲ ಎಂದು ನನ್ನ ಆಲ್ಬಂ ತೆಗೆದುಕೊಟ್ಟೆ. ಒಂಬತ್ತನೆಯ ಕ್ಲಾಸಿನಲ್ಲಿ ತೆಗೆದ ಅಚ್ಚು ಅದರಲ್ಲಿತ್ತು. "ನೋಡಿ ಹೇಳೇ, ಈಗ ಏನು ಕಾಣುತ್ತೆ" ಅಂದೆ. ನೀನು ಮೂಗು ಎಳೆದುಕೊಂಡಿದ್ದು ನನಗೆ ಕೇಳಿಸಿತು. ಆಮೇಲೆ, "ಹೂವೇ ಕಣೇ ವನಜಾ. ನೀನೇ ಗೆದ್ದೆ" ಅಂದೆ.

ಅಂಥ ಮಾತನ್ನು ನೀನು ನನಗೆ ಯಾವತ್ತೂ ಹೇಳಿದವಳಲ್ಲ. ನನ್ನ ಮದುವೆಯ ದಿನ, ಧಾರೆಯ ಸೀರೆಯಲ್ಲಿ ಕೂತವಳ ಕಿವಿಯಲ್ಲಿ ಬಂದು "ಓಲೆ" ಅಂತ ಹೇಳಿ ಹೋದವಳು. ನಮ್ಮ ಮನೆಯವರು ತೀರಿಕೊಂಡ ತಿಂಗಳು ನಾನು ಬಾಯಿಬಿಟ್ಟು ಮಾತಾಡದಿದ್ದಾಗ, ಕಾರ್ಡಿನಲ್ಲಿ ಅದೊಂದೇ ಪದ ಬರೆದು ಹಾಕಿದವಳು. ಅದನ್ನು ಓದಿ ಸಿಟ್ಟು ಬಂದು ಎದ್ದು ಕೂತಿದ್ದೆ ನಾನು. ಮಂಗಳವಾರ ನಿನ್ನ ದನಿ ಹೇಗಿತ್ತು ಗೊತ್ತಾ? ಕಂಬಿಯ ಹಿಂದೆ ಕೂತು ಮುದುಕಿಯರಿಗೆ ನಾಳೆ ಬರುತ್ತೆ ಅನ್ನುವ ದನಿ.

ಡಾಕ್ಟರು ಹೇಳಿದ ದಿನ ನಾನು ಅಳಲಿಲ್ಲ ಕಣೇ. ನೀನು ಸೋತುಕೊಟ್ಟ ರಾತ್ರಿ ಅತ್ತೆ.

ವನಜಾ

&nbsp;

ತಿ. ನರಸೀಪುರ
21 ಏಪ್ರಿಲ್ 2025

ಅಮ್ಮಾ ಸುಚೇತಾ,

ಈ ಹಾಳೆ ನಿನಗೆ. ಇದರ ಜೊತೆ ಮದುವೆ ಕಾರ್ಡಿನಂಥ ದಪ್ಪ ಕಾಗದ ಒಂದಿದೆ. ಅದರಲ್ಲಿ ಬರೆದಿಲ್ಲ, ಹಿಂದಿನಿಂದ ದಬ್ಬಳದಲ್ಲಿ ಚುಚ್ಚಿದ್ದೇನೆ. ಅಂಚೆಚೀಲದ ಬಾಯಿ ಹೊಲಿಯುತ್ತಿದ್ದ ಹಳೆಯ ದಬ್ಬಳ, ಟ್ರಂಕಿನಲ್ಲಿ ಸಿಕ್ಕಿತು. ಮೊದಲು ಚುಚ್ಚಿದಾಗ ಅಕ್ಷರವೆಲ್ಲ ಉಲ್ಟಾ ಬಂತು. ಹಿಂದುಮುಂದಾಗಿ ಕೊರೆದರೆ ಮಾತ್ರ ನೆಟ್ಟಗೆ ಮೂಡುವುದು ಅಂತ ನಿಮ್ಮತ್ತೆ ಹೇಳುತ್ತಿದ್ದುದು ಆಮೇಲೆ ನೆನಪಾಯಿತು. ಎಷ್ಟೋ ಕಾಗದ ಹಾಳಾಯಿತು. ಅವ್ವ ಪಕ್ಕದಲ್ಲಿ ಕೂತು, "ಏನಮ್ಮಿ ಅದು, ಜರಡಿ ಮಾಡ್ತಿದ್ದೀಯ" ಅಂತ ನಗುತ್ತಿದ್ದಳು. ಈಗ ಕೈ ಪಳಗಿದೆ. ಮುಂದಿನ ಸಲ ಇನ್ನೂ ಉದ್ದ ಬರುತ್ತದೆ.

ನೀನು ಅದನ್ನು ಓದಿ ಹೇಳಬೇಡ. ಅತ್ತೆಯನ್ನು ಅಂಗಳದಲ್ಲಿ ಕೂರಿಸಿ, ಅವರ ಬೆರಳನ್ನು ಮೊದಲ ಚುಕ್ಕಿಯ ಮೇಲಿಟ್ಟು ನಿನ್ನ ಕೆಲಸಕ್ಕೆ ಹೋಗು. ಬೈಗುಳ ಕೇಳಿಸಿದರೆ ಹೆದರಬೇಡ.

ಇಂದ್ರಾಣಿ

&nbsp;

ವನಜಾ
ಅದು ಓಲೆ